ಅಗ್ಗದ ಕಂಪೈಲರ್ ಮತ್ತು ಗಂಭೀರ ತಂತ್ರಾಂಶ: ಟರ್ಬೊ ಪ್ಯಾಸ್ಕಲ್‌ನ ಮರುಮೌಲ್ಯಮಾಪನ

1. ಪ್ರಶ್ನೆಯ ಸ್ವರೂಪ

ವಿಮರ್ಶೆ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಕೃತಿಗಳಿಗೆ ಅನ್ವಯಿಸುತ್ತೇವೆ. ಕೃತಿಗಳನ್ನು ಸಿದ್ಧಪಡಿಸುವ ಸಾಧನಗಳಿಗೆ ಅನ್ವಯಿಸುವುದು ಅಪರೂಪ. ಗಣಕಯಂತ್ರದ ಕ್ಷೇತ್ರದಲ್ಲಿ ಈ ಅಭ್ಯಾಸದಿಂದ ಒಂದು ತೊಡಕು ಉಂಟಾಗಿದೆ. ತಂತ್ರಾಂಶದ ಗುಣದೋಷಗಳ ಚರ್ಚೆ ಬೇಕಾದಷ್ಟು ನಡೆಯುತ್ತದೆ. ಆದರೆ ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಪರಿವರ್ತಿಸುವ ಕಂಪೈಲರಿನ ಗುಣದೋಷ ಬಹುಮಟ್ಟಿಗೆ ಬಳಕೆದಾರರ ಬಾಯಿಮಾತಿನಲ್ಲಿಯೇ ಉಳಿದುಬಿಡುತ್ತದೆ. ಆ ಬಾಯಿಮಾತಿನಲ್ಲಿ ಪದೇ ಪದೇ ಕೇಳಿಬರುವ ತೀರ್ಪು ಎರಡು ಬಗೆಯದು: ‘ಇಷ್ಟು ಕಡಿಮೆ ಬೆಲೆಗೆ ಸಿಗುವುದು ಆಟಿಕೆಯೇ ಇರಬೇಕು’ ಎಂಬುದು ಒಂದು, ‘ಕೆಲಸ ಆಗುತ್ತದೆಯಲ್ಲ, ಮತ್ತೇನು ಬೇಕು’ ಎಂಬುದು ಇನ್ನೊಂದು. ಮೊದಲನೆಯದು ಬೆಲೆಯನ್ನೇ ಗುಣವೆಂದು ಭಾವಿಸುತ್ತದೆ. ಎರಡನೆಯದು ಇಂದು ಆಗುವ ಕೆಲಸವನ್ನು ಕಂಡು ನಾಳೆಯದನ್ನು ಮರೆಯುತ್ತದೆ. ಎರಡೂ ಪರೀಕ್ಷೆಯನ್ನು ತಪ್ಪಿಸಿಕೊಳ್ಳುವ ದಾರಿಗಳೇ.

ಈ ಪ್ರಶ್ನೆಯನ್ನು ಒಂದು ನಿರ್ದಿಷ್ಟ ಉದಾಹರಣೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಆಯ್ದುಕೊಂಡ ಉದಾಹರಣೆ, 1983ರ ನವೆಂಬರ್‌ನಲ್ಲಿ ಅಮೆರಿಕದ ಬೋರ್ಲೆಂಡ್ ಸಂಸ್ಥೆಯು 49.95 ಡಾಲರ್ ಬೆಲೆಗೆ ಮಾರುಕಟ್ಟೆಗೆ ತಂದ ಟರ್ಬೊ ಪ್ಯಾಸ್ಕಲ್. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು 500 ರೂಪಾಯಿ. ಆ ಕಾಲದಲ್ಲಿ ವೈಯಕ್ತಿಕ ಗಣಕಯಂತ್ರಕ್ಕೆ ದೊರೆಯುತ್ತಿದ್ದ ಹೆಸರಾಂತ ಕಂಪೈಲರುಗಳಿಗೆ ಇದರ ಹಲವು ಪಟ್ಟು ಹಣ ತೆರಬೇಕಾಗಿತ್ತು. ಆದ್ದರಿಂದ ‘ಅಗ್ಗದ ಸಾಧನವು ಗಂಭೀರ ಕೆಲಸಕ್ಕೆ ಸಲ್ಲುವುದೇ’ ಎಂಬ ಪ್ರಶ್ನೆ ಅದರ ಜೊತೆಯಲ್ಲಿಯೇ ಹುಟ್ಟಿತು. ನಾಲ್ಕು ದಶಕಗಳ ಅಂತರದಿಂದ ನೋಡುವಾಗ ಅಂದಿನ ಉತ್ಸಾಹವೂ ತಿರಸ್ಕಾರವೂ ತಣ್ಣಗಾಗಿವೆ, ಸಾಕ್ಷ್ಯಗಳು ಉಳಿದಿವೆ. ತೀರ್ಪಿಗೆ ಇದು ಅನುಕೂಲವಾದ ಸ್ಥಿತಿ.

2. ಭಾಷೆಯ ಮೇಲಿದ್ದ ಆಕ್ಷೇಪ

ಕಂಪೈಲರಿನ ವಿಮರ್ಶೆಗೆ ಮೊದಲು ಭಾಷೆಯ ಬಗ್ಗೆ ಒಂದೆರಡು ಮಾತು ಅಗತ್ಯ. ಪ್ಯಾಸ್ಕಲ್ ಭಾಷೆಯನ್ನು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಿಕ್ಲಾಸ್ ವಿರ್ಥ್ ಅವರು 1970ರ ಸುಮಾರಿಗೆ ರೂಪಿಸಿದರು. ಪ್ರೋಗ್ರಾಮ್ ರಚನೆಯನ್ನು ಒಂದು ಶಿಸ್ತಾಗಿ ಕಲಿಸುವುದು ಅವರ ಮುಖ್ಯ ಆಶಯವಾಗಿತ್ತು. ಬಳಸುವ ಪ್ರತಿಯೊಂದು ಹೆಸರನ್ನೂ ಮೊದಲೇ ಘೋಷಿಸಬೇಕೆಂಬ ನಿಯಮ ಈ ಭಾಷೆಯಲ್ಲಿದೆ. ಕಲಿಯುವವನಿಗೆ ಇದು ಶಿಸ್ತು. ಕಂಪೈಲರ್ ರಚಿಸುವವನಿಗೆ ಇದು ದೊಡ್ಡ ಅನುಕೂಲ. ಪ್ರೋಗ್ರಾಮನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಬಾರಿ ಓದಿ ಯಂತ್ರಭಾಷೆಗೆ ತರಲು ಅದು ಅವಕಾಶ ಮಾಡಿಕೊಡುತ್ತದೆ. ಈ ಅಂಶವನ್ನು ಮುಂದೆ ಮತ್ತೆ ಗಮನಿಸಲಿದ್ದೇವೆ.

1981ರಲ್ಲಿ ಬೆಲ್ ಪ್ರಯೋಗಾಲಯದ ಬ್ರಯಾನ್ ಕರ್ನಿಗನ್ ಅವರು ಪ್ಯಾಸ್ಕಲ್ ತಮಗೆ ಏಕೆ ಮೆಚ್ಚಿನ ಭಾಷೆಯಲ್ಲ ಎಂಬುದನ್ನು ವಿವರಿಸುವ ಪ್ರಸಿದ್ಧ ಲೇಖನವೊಂದನ್ನು ಬರೆದರು. ಮೂಲ ರೂಪದ ಪ್ಯಾಸ್ಕಲ್ ಬೋಧನೆಗೆ ತಕ್ಕುದು, ನಿಜವಾದ ಕೆಲಸಕ್ಕೆ ಅಲ್ಲ ಎಂಬುದು ಅದರ ಸಾರ. ಅವರ ಆಕ್ಷೇಪಗಳು ಸ್ಪಷ್ಟವಾಗಿದ್ದವು: ಸರಣಿಯ ಗಾತ್ರವು ಅದರ ಪ್ರಕಾರದ ಭಾಗವೇ ಆಗಿರುವುದರಿಂದ ಬೇರೆ ಬೇರೆ ಗಾತ್ರದ ಸರಣಿಗಳಿಗೆ ಒಂದೇ ವಿಧಾನವನ್ನು ಬರೆಯಲಾಗದು, ದೊಡ್ಡ ಪ್ರೋಗ್ರಾಮನ್ನು ಭಾಗಗಳಾಗಿ ಪ್ರತ್ಯೇಕವಾಗಿ ಕಂಪೈಲ್ ಮಾಡಲು ಆಸ್ಪದವಿಲ್ಲ, ಆರಂಭಿಕ ಮೌಲ್ಯವನ್ನು ಹೊತ್ತು ಉಳಿಯುವ ಚರಗಳಿಲ್ಲ, ಆವರ್ತನೆಯ ನಡುವಿನಿಂದ ಹೊರಬರುವ ದಾರಿಯಿಲ್ಲ, ಪ್ರಕಾರಗಳ ಕಟ್ಟುಪಾಡನ್ನು ಅಗತ್ಯ ಬಿದ್ದಾಗಲೂ ಸಡಿಲಿಸುವಂತಿಲ್ಲ.

ಹೀಗೆ ಟರ್ಬೊ ಪ್ಯಾಸ್ಕಲ್ ಎರಡು ಅನುಮಾನಗಳನ್ನು ಹೊತ್ತು ಬಂದಿತು. ಅದರ ಭಾಷೆ ತರಗತಿಗೆ ಮಾತ್ರ ಸೀಮಿತವೆಂಬುದು ಮೊದಲನೆಯದು; ಅದರ ಬೆಲೆ ಹವ್ಯಾಸಿಗಳಿಗೆ ಗೊತ್ತುಪಡಿಸಿದ್ದು ಎಂಬುದು ಎರಡನೆಯದು. ಇವೆರಡನ್ನೂ ಬೇರ್ಪಡಿಸಿ ನೋಡದಿದ್ದರೆ ಭಾಷೆಯ ದೋಷವನ್ನು ಕಂಪೈಲರಿಗೂ ಯಂತ್ರದ ಮಿತಿಯನ್ನು ಬೆಲೆಗೂ ಆರೋಪಿಸುವ ಅಪಾಯವಿದೆ.

3. ‘ಗಂಭೀರ’ ಎಂದರೇನು?

ಈ ಚರ್ಚೆಯಲ್ಲಿ ಹೆಚ್ಚು ಬಳಕೆಯಾಗಿ ಕಡಿಮೆ ವಿವರಣೆ ಪಡೆದಿರುವ ಪದ ‘ಗಂಭೀರ’ ಎಂಬುದು. ಪ್ರೋಗ್ರಾಮಿನ ಸಾಲುಗಳ ಸಂಖ್ಯೆಯಿಂದ ಗಾಂಭೀರ್ಯ ಬರುವುದಿಲ್ಲ. ಅದನ್ನು ಬರೆದವನ ಸಂಬಳದಿಂದಲೂ ಬರುವುದಿಲ್ಲ. ಒಂದು ತಂತ್ರಾಂಶದ ತಪ್ಪಿನಿಂದ ಅದನ್ನು ಬರೆಯದ ವ್ಯಕ್ತಿಗೆ ಹಾನಿಯಾಗುವಂತಿದ್ದರೆ, ಬರೆದವನು ಹೊರಟುಹೋದ ಮೇಲೂ ಅದು ನಡೆಯಬೇಕಾಗಿದ್ದರೆ, ಆಗ ಅದು ಗಂಭೀರ ತಂತ್ರಾಂಶ. ಈ ಅರ್ಥದಲ್ಲಿ ಸಹಕಾರ ಸಂಘವೊಂದರ ಚಿಕ್ಕ ಲೆಕ್ಕಪತ್ರದ ಪ್ರೋಗ್ರಾಮೂ ಗಂಭೀರವೇ.

ಈ ವ್ಯಾಖ್ಯೆಯನ್ನು ಒಪ್ಪಿದರೆ ಕಂಪೈಲರಿಗೆ ಐದು ಮಾನದಂಡಗಳು ದೊರೆಯುತ್ತವೆ. ಸರಿಯಾದ ಪ್ರೋಗ್ರಾಮನ್ನು ಸರಿಯಾಗಿ ಅನುವಾದಿಸುವುದರ ಜೊತೆಗೆ ತಪ್ಪಾದುದನ್ನು ತಿರಸ್ಕರಿಸುವುದು ಮೊದಲನೆಯದು. ಪ್ರೋಗ್ರಾಮ್ ಬೆಳೆದಂತೆ ಅದನ್ನು ತಾಳಿಕೊಳ್ಳುವುದು ಎರಡನೆಯದು. ಸಂಖ್ಯೆಗಳನ್ನು ಪ್ರಾಮಾಣಿಕವಾಗಿ ನಿರ್ವಹಿಸುವುದು ಮೂರನೆಯದು. ಆವೃತ್ತಿಗಳು ಬದಲಾದರೂ ಯಂತ್ರಗಳು ಬದಲಾದರೂ ಹಳೆಯ ಕೆಲಸ ಉಳಿಯುವುದು ನಾಲ್ಕನೆಯದು. ಬಳಕೆದಾರನಿಗೆ ದೊರೆಯುವ ಹಕ್ಕುಗಳು ಐದನೆಯದು. ಕಂಪೈಲರಿನ ವೇಗ ಮತ್ತು ಅದು ಸೃಷ್ಟಿಸುವ ಯಂತ್ರಸಂಕೇತದ ವೇಗ ಮುಖ್ಯವೇ ಆದರೂ ಈ ಐದರ ನಂತರದ ಸ್ಥಾನ ಅವುಗಳದು. ಜಾಹೀರಾತುಗಳು ಈ ಕ್ರಮವನ್ನು ತಲೆಕೆಳಗು ಮಾಡುವುದು ಸಾಮಾನ್ಯ.

ಮೊದಲನೆಯ ಮಾನದಂಡಕ್ಕೆ ಪ್ಯಾಸ್ಕಲ್ ಕ್ಷೇತ್ರದಲ್ಲಿ ಆಗಲೇ ಒಂದು ಮಾದರಿ ಸಿದ್ಧವಾಗಿತ್ತು. ಟಾಸ್ಮೇನಿಯಾ ವಿಶ್ವವಿದ್ಯಾಲಯದ ಆರ್ಥರ್ ಸೇಲ್ ಹಾಗೂ ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಬ್ರಯಾನ್ ವಿಚ್‌ಮನ್ ಅವರ ಪರಿಶ್ರಮದಿಂದ ರೂಪುಗೊಂಡ ಪರೀಕ್ಷಾ ಪ್ರೋಗ್ರಾಮುಗಳ ಸಂಗ್ರಹ ಅದು. ಕಂಪೈಲರ್ ಒಪ್ಪಲೇಬೇಕಾದ ಪ್ರೋಗ್ರಾಮುಗಳ ಜೊತೆಗೆ ಒಪ್ಪಲೇಬಾರದ ಪ್ರೋಗ್ರಾಮುಗಳನ್ನೂ ಸೇರಿಸಿದ್ದು ಈ ಸಂಗ್ರಹದ ಹೆಚ್ಚುಗಾರಿಕೆ. ಪತ್ರಿಕೆಗಳ ಸಮೀಕ್ಷೆಗಳು ಎರಡನೆಯ ಬಗೆಯ ಪರೀಕ್ಷೆಗೆ ಕೈಹಾಕುವುದು ವಿರಳ. ಎಷ್ಟು ಬೇಗ ಉತ್ತರ ಬಂದಿತು ಎಂಬುದನ್ನು ಅಳೆಯುವುದು ಸುಲಭ. ಬರಬಾರದ ಉತ್ತರ ಬಂದಿತೇ ಎಂದು ಹುಡುಕುವುದು ಕಷ್ಟ.

4. ಅಗ್ಗವೂ ಗುಣವೂ ಒಂದೇ ಮೂಲದಿಂದ

ಟರ್ಬೊ ಪ್ಯಾಸ್ಕಲ್‌ನ ತಿರುಳನ್ನು ಬರೆದವರು ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್. ಮೊದಲು ನಾಸ್ಕಾಂ ಎಂಬ ಚಿಕ್ಕ ಗಣಕಯಂತ್ರಕ್ಕಾಗಿ ಅವರು ಒಂದು ಪ್ಯಾಸ್ಕಲ್ ಕಂಪೈಲರನ್ನು ರಚಿಸಿದ್ದರು. ಅದೇ ಬೆಳೆದು ಬೋರ್ಲೆಂಡ್‌ನ ಕೈಗೆ ಬಂದಿತು. ಚಿಕ್ಕ ಯಂತ್ರಕ್ಕಾಗಿ ಹುಟ್ಟಿದುದರಿಂದ ಮಿತವ್ಯಯ ಅದಕ್ಕೆ ಹುಟ್ಟುಗುಣವಾಗಿತ್ತು. 3.02 ಆವೃತ್ತಿಯ ಮುಖ್ಯ ಕಡತದ ಗಾತ್ರ 39,731 ಬೈಟ್. ಪಠ್ಯ ಸಂಪಾದಕ, ಕಂಪೈಲರ್ ಮತ್ತು ಪ್ರೋಗ್ರಾಮ್ ಓಡಲು ಬೇಕಾದ ಸಹಾಯಕ ವಿಧಾನಗಳು, ಈ ಮೂರೂ ಅದರಲ್ಲಿಯೇ ಅಡಕವಾಗಿದ್ದವು.

ಅಂದಿನ ರೂಢಿಯ ಕಂಪೈಲರಿನಲ್ಲಿ ಕೆಲಸ ಹೇಗೆ ಸಾಗುತ್ತಿತ್ತೆಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಸಂಪಾದಕವನ್ನು ತೆರೆದು ಪ್ರೋಗ್ರಾಮ್ ಬರೆದು ಫ್ಲಾಪಿಯಲ್ಲಿ ಉಳಿಸಬೇಕು, ಕಂಪೈಲರಿನ ಮೊದಲ ಹಂತವನ್ನು, ಅನಂತರ ಎರಡನೆಯದನ್ನು ಓಡಿಸಬೇಕು, ಲಿಂಕರನ್ನು ಕರೆಯಬೇಕು, ನಡುವೆ ಫ್ಲಾಪಿಗಳನ್ನು ಬದಲಿಸಬೇಕು. ಒಂದು ಅರ್ಧವಿರಾಮ ಬಿಟ್ಟುಹೋಗಿದ್ದರೆ ಇಡೀ ಯಾತ್ರೆ ಮತ್ತೆ ಮೊದಲಿನಿಂದ. ಟರ್ಬೊ ಪ್ಯಾಸ್ಕಲ್ ಪ್ರೋಗ್ರಾಮನ್ನು ಒಂದೇ ಓದಿನಲ್ಲಿ ಯಂತ್ರಭಾಷೆಗೆ ತಂದು ನೇರವಾಗಿ ಮೆಮೊರಿಯಲ್ಲಿಯೇ ಇರಿಸುತ್ತಿತ್ತು. ಮೊದಲ ತಪ್ಪು ಕಂಡೊಡನೆ ನಿಂತು, ಸಂಪಾದಕದಲ್ಲಿ ಆ ತಪ್ಪಿರುವ ಜಾಗದಲ್ಲಿಯೇ ಕರ್ಸರನ್ನು ನಿಲ್ಲಿಸುತ್ತಿತ್ತು. ಪ್ರೋಗ್ರಾಮ್ ಓಡುವಾಗ ದೋಷ ಸಂಭವಿಸಿದರೆ, ದೋಷ ಸಂಭವಿಸಿದ ಯಂತ್ರವಿಳಾಸ ಬರುವವರೆಗೆ ಮತ್ತೊಮ್ಮೆ ಕಂಪೈಲ್ ಮಾಡಿ, ಮೂಲಪಠ್ಯದ ಯಾವ ಸಾಲು ಕಾರಣವೆಂದು ತೋರಿಸುತ್ತಿತ್ತು. ಶೋಧನೆಗಾಗಿ ಹೆಚ್ಚಿನ ದಾಖಲೆಯನ್ನು ಇಟ್ಟುಕೊಳ್ಳದೆ ವೇಗವನ್ನೇ ದಾಖಲೆಯ ಬದಲಿಗೆ ಬಳಸಿದ ಜಾಣ್ಮೆ ಇದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ದುಬಾರಿ ಕಂಪೈಲರಿನಿಂದ ಏನನ್ನೋ ಕಿತ್ತುಹಾಕಿ ಇದನ್ನು ಅಗ್ಗಗೊಳಿಸಿರಲಿಲ್ಲ. ಒಂದೇ ಓದು, ಲಿಂಕರ್ ಇಲ್ಲದಿರುವುದು, ಮಧ್ಯಂತರ ಕಡತಗಳಿಲ್ಲದಿರುವುದು, ಇವು ಅದರ ರಚನೆಯನ್ನು ಚಿಕ್ಕದಾಗಿಸಿದವು. ಚಿಕ್ಕದಾದುದರಿಂದಲೇ ಅದು ವೇಗವೂ ಆಯಿತು. ವಿರ್ಥ್ ಅವರು ಭಾಷೆಯಲ್ಲಿ ಇರಿಸಿದ್ದ ಸರಳತೆಯ ಫಲವನ್ನು ಹೈಲ್ಸ್‌ಬರ್ಗ್ ಪೂರ್ತಿಯಾಗಿ ಉಣ್ಣಿಸಿದರು ಎನ್ನಬಹುದು. ಪರವಾನಗಿಯೂ ಇದಕ್ಕೆ ಹೊಂದುವಂತೆಯೇ ಇತ್ತು. ತಂತ್ರಾಂಶವನ್ನು ಪುಸ್ತಕದಂತೆ ಬಳಸಬಹುದು, ಏಕಕಾಲದಲ್ಲಿ ಇಬ್ಬರು ಎರಡು ಕಡೆ ಬಳಸುವಂತಾಗಬಾರದು ಎಂಬಷ್ಟೇ ಅದರ ನಿಬಂಧನೆ.

ಕರ್ನಿಗನ್ ಅವರ ಆಕ್ಷೇಪಗಳಲ್ಲಿ ಕೆಲವಕ್ಕೆ ಆರಂಭದಲ್ಲಿಯೇ ಉತ್ತರ ದೊರೆತಿತ್ತು. 255 ಅಕ್ಷರಗಳವರೆಗಿನ ಸ್ಟ್ರಿಂಗ್, ಆರಂಭಿಕ ಮೌಲ್ಯವುಳ್ಳ ಚರಗಳು, ಯಂತ್ರದ ಮೆಮೊರಿಯನ್ನೂ ಪೋರ್ಟುಗಳನ್ನೂ ನೇರವಾಗಿ ಮುಟ್ಟುವ ಸೌಲಭ್ಯ ಇವು ಪ್ಯಾಸ್ಕಲನ್ನು ತರಗತಿಯಿಂದ ಹೊರತಂದವು. ಇದಕ್ಕೆ ತೆತ್ತ ಬೆಲೆಯೆಂದರೆ ಅಂತರರಾಷ್ಟ್ರೀಯ ಮಾನಕದಿಂದ ದೂರ ಸರಿದದ್ದು. ಮಾನಕ ಪ್ಯಾಸ್ಕಲ್‌ನ ಕಡತ ನಿರ್ವಹಣೆಯ ಮೂಲ ವಿಧಾನಗಳನ್ನು ಕೈಬಿಡಲಾಗಿತ್ತು. ವಿಧಾನವೊಂದನ್ನು ಇನ್ನೊಂದಕ್ಕೆ ಪ್ರಾಚಲವಾಗಿ ಕಳುಹಿಸುವಂತಿರಲಿಲ್ಲ. ಹೀಗಾಗಿ ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದದ್ದು ಬೇರೆ ಪ್ಯಾಸ್ಕಲ್‌ಗಳಲ್ಲಿ ನಡೆಯದು, ಅಲ್ಲಿಯದು ಇಲ್ಲಿ ನಡೆಯದು ಎಂಬ ಸ್ಥಿತಿ ಉಂಟಾಯಿತು.

5. ದೋಷಗಳ ಪರಿಶೀಲನೆ

ಮೊದಲನೆಯದು ಗಾತ್ರದ ಮಿತಿ. 1.0ರಿಂದ 3.0ರವರೆಗಿನ ಆವೃತ್ತಿಗಳಲ್ಲಿ ಪ್ರೋಗ್ರಾಮಿನ ಇಡೀ ಯಂತ್ರಸಂಕೇತ 64 ಕಿಲೋಬೈಟ್ ಒಳಗೆ ಹಿಡಿಯಬೇಕಾಗಿತ್ತು. ಇಂಟೆಲ್ 8088 ಸಂಸ್ಕಾರಕದ ಒಂದು ಖಂಡದೊಳಗಿನ ವಿಳಾಸ 16 ಬಿಟ್‌ಗಳದ್ದು. ಅದರಿಂದ ಸೂಚಿಸಬಹುದಾದದ್ದು 65,536 ಬೈಟ್ ಮಾತ್ರ. ಹಲವು ಖಂಡಗಳನ್ನು ಬಳಸಿ ಈ ಮಿತಿಯನ್ನು ದಾಟಬಹುದಿತ್ತು. ಆದರೆ ಅದಕ್ಕೆ ಲಿಂಕರೂ ಹೆಚ್ಚು ಸಂಕೀರ್ಣವಾದ ರಚನೆಯೂ ಬೇಕಾಗುತ್ತಿತ್ತು. ಅಂದರೆ ವೇಗಕ್ಕೂ ಚಿಕ್ಕತನಕ್ಕೂ ಕಾರಣವಾದ ಆಯ್ಕೆಯೇ ಈ ಮಿತಿಗೂ ಕಾರಣ. ಸಹಾಯಕ ವಿಧಾನಗಳನ್ನೆಲ್ಲ ಪ್ರತಿ ಪ್ರೋಗ್ರಾಮಿಗೂ ಸಾರಾಸಗಟಾಗಿ ಅಂಟಿಸುತ್ತಿದ್ದುದರಿಂದ 3.0 ಆವೃತ್ತಿಯಲ್ಲಿ ಏನೂ ಮಾಡದ ಪ್ರೋಗ್ರಾಮೂ ಸುಮಾರು 11 ಕಿಲೋಬೈಟ್ ಆಗುತ್ತಿತ್ತು. ಬಳಸದ ಭಾಗಗಳನ್ನು ಡಿಸ್ಕಿನಲ್ಲಿರಿಸಿ ಬೇಕಾದಾಗ ತರುವ ಓವರ್‌ಲೇ ವ್ಯವಸ್ಥೆ 1984ರ 2.0 ಆವೃತ್ತಿಯಲ್ಲಿ ಬಂದಿತು. ಪ್ರತ್ಯೇಕ ಕಂಪೈಲಿಂಗ್ ಮಾತ್ರ ಇರಲಿಲ್ಲ. ಮೂಲಪಠ್ಯವನ್ನು ಹಲವು ಕಡತಗಳಾಗಿ ಒಡೆಯಬಹುದಿತ್ತೇ ವಿನಾ ಒಂದರ ಒಳಗಿನ ಹೆಸರುಗಳು ಇನ್ನೊಂದಕ್ಕೆ ಕಾಣದಂತೆ ಮರೆಮಾಡಲು ಸಾಧ್ಯವಿರಲಿಲ್ಲ. ಐದು ಜನ ಕೂಡಿ ಬರೆಯುವ ಪ್ರೋಗ್ರಾಮಿಗೆ ಇದು 64 ಕಿಲೋಬೈಟ್ ಮಿತಿಗಿಂತ ದೊಡ್ಡ ಅಡಚಣೆ.

ಎರಡನೆಯದು, ಹೆಚ್ಚು ಗಂಭೀರವಾದದ್ದು, ಸಂಖ್ಯೆಗಳ ನಿರ್ವಹಣೆ. ಈ ಆವೃತ್ತಿಗಳಲ್ಲಿ ಪೂರ್ಣಾಂಕವು 16 ಬಿಟ್‌ಗಳದ್ದು. ಅದರ ಗರಿಷ್ಠ ಮೌಲ್ಯ 32,767. ಏಳರ ಅಪವರ್ತನೀಯ 5,040 ಸರಿಯಾಗಿ ಬರುತ್ತದೆ. ಎಂಟರದ್ದು 40,320 ಬರಬೇಕಾದ ಕಡೆ ಋಣ 25,216 ಬರುತ್ತದೆ. ಉತ್ತರ ತಪ್ಪು ಎಂಬುದಕ್ಕಿಂತ, ತಪ್ಪೆಂಬ ಸೂಚನೆಯೇ ಇಲ್ಲ ಎಂಬುದು ಇಲ್ಲಿ ಮುಖ್ಯ. ಸರಣಿಯ ಎಲ್ಲೆ ಮೀರಿದುದನ್ನು ಪತ್ತೆಹಚ್ಚುವ ಪರೀಕ್ಷೆ ಇತ್ತಾದರೂ ಬಳಕೆದಾರ ಕೇಳದ ಹೊರತು ಅದು ನಿಷ್ಕ್ರಿಯವಾಗಿರುತ್ತಿತ್ತು. ತಪ್ಪನ್ನು ಹಿಡಿಯುವ ಸಲುವಾಗಿಯೇ ರೂಪುಗೊಂಡ ಭಾಷೆಯ ಕಂಪೈಲರ್ ಆ ಹಿಡಿತವನ್ನು ಮೊದಲೇ ಸಡಿಲಿಸಿ ಕೊಡುವುದು ಸಮರ್ಥನೀಯವಲ್ಲ. ಅಳತೆ ಪರೀಕ್ಷೆಗಳಲ್ಲಿ ವೇಗ ತೋರಿಸಲು ಇದು ನೆರವಾಗಿರಬಹುದು. ಲೆಕ್ಕ ಬರೆಯುವವನಿಗೆ ನೆರವಾಗಿಲ್ಲ.

ಹಣದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಪೈಸೆಯನ್ನು ಪೂರ್ಣಾಂಕದಲ್ಲಿ ಇಟ್ಟರೆ 327 ರೂಪಾಯಿ 67 ಪೈಸೆಗೆ ಲೆಕ್ಕ ಮುಗಿಯುತ್ತದೆ. ವಾಸ್ತವ ಸಂಖ್ಯೆಗೆ ಹೋದರೆ ಅಲ್ಲಿ 6 ಬೈಟ್‌ಗಳ ಪ್ರಕಾರವಿದ್ದು ಸುಮಾರು 11 ಅಂಕಿಗಳ ನಿಖರತೆ ದೊರೆಯುತ್ತದೆ; ಪೈಸೆಗೆ ಎರಡು ಅಂಕಿ ಕಳೆದರೆ ನೂರು ಕೋಟಿ ರೂಪಾಯಿಯ ಒಳಗಿನ ಮೊತ್ತ. ಚಿಕ್ಕ ಸಂಸ್ಥೆಗೆ ಇದು ಸಾಕೆನಿಸಬಹುದು. ಆದರೆ ಹತ್ತು ಪೈಸೆ, ಅಂದರೆ ರೂಪಾಯಿಯ ಹತ್ತನೆಯ ಒಂದು ಭಾಗವನ್ನು ದ್ವಿಮಾನ ಪದ್ಧತಿಯಲ್ಲಿ ಮುಗಿಯುವ ಭಿನ್ನರಾಶಿಯಾಗಿ ಬರೆಯಲಾಗದು. ಸಾವಿರಾರು ನಮೂದುಗಳನ್ನು ಕೂಡಿದಾಗ ಎರಡು ಕಡೆಯ ಮೊತ್ತ ಕೊನೆಯ ಅಂಕಿಯಲ್ಲಿ ತಾಳೆಯಾಗದೆ ಹೋಗಬಹುದು. ಈ ಕೊರತೆಯನ್ನು ಬೋರ್ಲೆಂಡ್ ಅರಿಯದೆ ಇರಲಿಲ್ಲ. 1985ರ 3.0 ಆವೃತ್ತಿಯ ಜೊತೆಗೆ ದಶಮಾನದಲ್ಲಿಯೇ ಲೆಕ್ಕ ಮಾಡಿ 18 ಅಂಕಿಗಳನ್ನು ಉಳಿಸುವ ಪ್ರತ್ಯೇಕ ಆವೃತ್ತಿಯೂ ದೊರೆಯುತ್ತಿತ್ತು. ಅಗ್ಗದ ಪ್ರತಿಯನ್ನು ಕೊಂಡವನಿಗೆ ಅಗತ್ಯದ ಅರಿವಿದ್ದರೆ ಪರಿಹಾರವಿತ್ತು. ಅರಿವಿಲ್ಲದಿದ್ದರೆ ಎಚ್ಚರಿಸುವವರು ಇರಲಿಲ್ಲ.

ಮೂರನೆಯದು ಯಂತ್ರಸಂಕೇತದ ಗುಣಮಟ್ಟ. ಒಂದೇ ಓದಿನ ಕಂಪೈಲರಿಗೆ ಮುಂದೇನಿದೆ ಎಂಬುದು ತಿಳಿಯದು. ಆದ್ದರಿಂದ ಹಲವು ಬಾರಿ ಪ್ರೋಗ್ರಾಮನ್ನು ಪರಿಶೀಲಿಸಿ ಸುಧಾರಿಸುವ ಕಂಪೈಲರುಗಳ ಮಟ್ಟಕ್ಕೆ ಅದು ಏರಲಾರದು. ಬಹುತೇಕ ಬಳಕೆಗಳಲ್ಲಿ ಡಿಸ್ಕಿನ ನಿಧಾನವೇ ಹೆಚ್ಚಾಗಿದ್ದುದರಿಂದ ಈ ಕೊರತೆ ಅಷ್ಟಾಗಿ ಬಾಧಿಸಲಿಲ್ಲ.

6. ಆವೃತ್ತಿಗಳ ಸಾಕ್ಷ್ಯ

ಒಂದು ಸಾಧನದ ಯೋಗ್ಯತೆಯನ್ನು ಅದು ತನ್ನ ದೋಷಗಳನ್ನು ಹೇಗೆ ತಿದ್ದಿಕೊಂಡಿತು ಎಂಬುದರಿಂದಲೂ ಅಳೆಯಬೇಕು. 1987ರ 4.0 ಆವೃತ್ತಿ ನಿರ್ಣಾಯಕವಾದದ್ದು. ಯೂನಿಟ್ ಎಂಬ ಪ್ರತ್ಯೇಕವಾಗಿ ಕಂಪೈಲ್ ಆಗುವ ಘಟಕಗಳು ಬಂದವು; ಪ್ರತಿ ಘಟಕಕ್ಕೂ ತನ್ನದೇ ಯಂತ್ರಸಂಕೇತ ಖಂಡ ದೊರೆತುದರಿಂದ 64 ಕಿಲೋಬೈಟ್ ಮಿತಿ ಘಟಕಕ್ಕೆ ಮಾತ್ರ ಸೀಮಿತವಾಯಿತು; 32 ಬಿಟ್‌ಗಳ ದೀರ್ಘ ಪೂರ್ಣಾಂಕ ಸೇರಿತು; ಬಳಸದ ವಿಧಾನಗಳನ್ನು ಅಂತಿಮ ಕಡತದಿಂದ ಕೈಬಿಡುವ ವ್ಯವಸ್ಥೆ ಬಂದಿತು. ದೀರ್ಘ ಪೂರ್ಣಾಂಕದಲ್ಲಿ ಪೈಸೆಯ ಲೆಕ್ಕವಿಟ್ಟರೆ 2,14,74,836 ರೂಪಾಯಿ 47 ಪೈಸೆಯವರೆಗೆ ಒಂದು ಪೈಸೆಯೂ ತಪ್ಪದಂತೆ ಸಾಗಬಹುದು. 1988ರ 5.0 ಆವೃತ್ತಿಯಲ್ಲಿ ದೋಷಶೋಧಕವೂ ವಿಧಾನಗಳನ್ನು ಪ್ರಾಚಲವಾಗಿ ಕಳುಹಿಸುವ ಸೌಲಭ್ಯವೂ, 1989ರ 5.5ರಲ್ಲಿ ವಸ್ತುನಿಷ್ಠ ರಚನೆಯೂ ಬಂದವು. 1992ರ 7.0 ಆವೃತ್ತಿಯ ವೇಳೆಗೆ ಪೂರ್ಣಾಂಕ ಮಿತಿ ಮೀರುವಿಕೆಯ ಪರೀಕ್ಷೆ, ಆವರ್ತನೆಯಿಂದ ಹೊರಬರುವ ಆದೇಶ, ಯಾವುದೇ ಗಾತ್ರದ ಸರಣಿಯನ್ನು ಸ್ವೀಕರಿಸುವ ಪ್ರಾಚಲ ಇವೆಲ್ಲ ಲಭ್ಯವಾದವು. 1981ರಲ್ಲಿ ಕರ್ನಿಗನ್ ಪಟ್ಟಿಮಾಡಿದ್ದ ಮುಖ್ಯ ಆಕ್ಷೇಪಗಳಿಗೆ ಹನ್ನೊಂದು ವರ್ಷಗಳಲ್ಲಿ ಉತ್ತರ ದೊರೆತಂತಾಯಿತು.

ಆದರೆ ಇದೇ ಇತಿಹಾಸಕ್ಕೆ ಇನ್ನೊಂದು ಮುಖವಿದೆ. 4.0 ಆವೃತ್ತಿಯಲ್ಲಿ ಓವರ್‌ಲೇ ಸೌಲಭ್ಯವನ್ನು ತೆಗೆದುಹಾಕಲಾಯಿತು. ಅದು ಮರಳಿದ್ದು 5.0ರಲ್ಲಿ. ಹಳೆಯ ಪ್ರೋಗ್ರಾಮುಗಳನ್ನು ಬದಲಾಯಿಸಿಕೊಡುವ ಸಹಾಯಕ ತಂತ್ರಾಂಶವನ್ನೂ ಹೊಂದಾಣಿಕೆಯ ಘಟಕಗಳನ್ನೂ ಒದಗಿಸಿದ್ದರೂ, ಓವರ್‌ಲೇಯನ್ನು ನೆಚ್ಚಿ ದೊಡ್ಡ ಪ್ರೋಗ್ರಾಮ್ ಕಟ್ಟಿದ್ದವರು ಹೊಸ ಆವೃತ್ತಿಗೆ ಬರಲಾರದೆ ಹಳೆಯದರಲ್ಲಿಯೇ ನಿಲ್ಲಬೇಕಾಯಿತು. ಮಾನಕವನ್ನು ಬಿಟ್ಟು ಒಂದೇ ಸಂಸ್ಥೆಯ ಉಪಭಾಷೆಯಲ್ಲಿ ಬರೆದವರು ಆ ಸಂಸ್ಥೆಯ ನಿರ್ಧಾರಗಳಿಗೆ ಅಧೀನರಾಗುತ್ತಾರೆ.

ಈ ಅಧೀನತೆಯ ಪೂರ್ಣ ಪರಿಣಾಮ ಕಂಡದ್ದು 1990ರ ದಶಕದ ಉತ್ತರಾರ್ಧದಲ್ಲಿ. 7.0 ಆವೃತ್ತಿಯ ಪರದೆ ನಿರ್ವಹಣೆಯ ಘಟಕವು, ಪ್ರೋಗ್ರಾಮನ್ನು ನಿಗದಿತ ಕಾಲ ತಡೆಹಿಡಿಯುವ ಸಲುವಾಗಿ, ಆರಂಭದಲ್ಲಿಯೇ ಯಂತ್ರದ ವೇಗವನ್ನು ಅಳೆಯುತ್ತಿತ್ತು. ಗಡಿಯಾರದ ಒಂದು ಮಿಡಿತದಲ್ಲಿ, ಅಂದರೆ ಸುಮಾರು 55 ಮಿಲಿಸೆಕೆಂಡುಗಳಲ್ಲಿ, ಒಂದು ಆವರ್ತನೆ ಎಷ್ಟು ಬಾರಿ ಸುತ್ತುತ್ತದೆಂದು ಎಣಿಸಿ ಅದನ್ನು 55ರಿಂದ ಭಾಗಿಸುವುದು ಕ್ರಮ. ಭಾಗಲಬ್ಧ 16 ಬಿಟ್‌ಗಳಲ್ಲಿ ಹಿಡಿಯಬೇಕು. ಅಂದರೆ ಎಣಿಕೆ ಸುಮಾರು 36 ಲಕ್ಷ ದಾಟಬಾರದು. 200 ಮೆಗಾಹರ್ಟ್ಸ್ ಆಸುಪಾಸಿನ ಹಾಗೂ ಅದಕ್ಕಿಂತ ವೇಗದ ಸಂಸ್ಕಾರಕಗಳು ಬಂದಾಗ ಅದು ದಾಟಿತು. ಪ್ರೋಗ್ರಾಮುಗಳು ತಮ್ಮ ಮೊದಲ ಆದೇಶವನ್ನು ನಡೆಸುವ ಮೊದಲೇ, ಸೊನ್ನೆಯಿಂದ ಭಾಗಾಕಾರವೆಂಬ 200ನೆಯ ಸಂಖ್ಯೆಯ ದೋಷ ತೋರಿಸಿ ನಿಂತುಹೋದವು. ತಡೆಹಿಡಿಯುವ ವಿಧಾನವನ್ನು ಎಂದೂ ಬಳಸದ ಪ್ರೋಗ್ರಾಮಿಗೂ ಇದೇ ಗತಿ. ಮೂಲಪಠ್ಯವಿದ್ದವರು ತಿದ್ದಿದ ಘಟಕದೊಂದಿಗೆ ಮತ್ತೆ ಕಂಪೈಲ್ ಮಾಡಿದರು. ಇಲ್ಲದವರು ಹೊರಗಿನವರು ರಚಿಸಿದ ತೇಪೆಗಳನ್ನು ಅವಲಂಬಿಸಿದರು. ಹತ್ತು ವರ್ಷದೊಳಗೆ ಯಂತ್ರಗಳು ಎಷ್ಟು ವೇಗವಾಗುತ್ತವೆ ಎಂಬುದನ್ನು 1992ರಲ್ಲಿ ಊಹಿಸಬಹುದಾಗಿತ್ತು. ಭಾಗಾಕಾರಕ್ಕೆ ಮೊದಲು ಒಂದು ಹೋಲಿಕೆಯನ್ನು ಸೇರಿಸಿದ್ದರೆ ಸಾಕಿತ್ತು.

7. ದುಬಾರಿಯಾದರೆ ದೋಷವಿಲ್ಲವೇ?

ಮೇಲಿನ ದೋಷಗಳನ್ನು ಅಗ್ಗದ ಬೆಲೆಗೆ ಆರೋಪಿಸುವ ಮೊದಲು ಬೇರೆ ಸಾಕ್ಷ್ಯಗಳನ್ನು ನೋಡಬೇಕು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಯಾದೃಚ್ಛಿಕವಾಗಿ ಸಿ ಪ್ರೋಗ್ರಾಮುಗಳನ್ನು ಸೃಷ್ಟಿಸಿ ಕಂಪೈಲರುಗಳನ್ನು ಪರೀಕ್ಷಿಸುವ ಸಿಸ್ಮಿತ್ ಎಂಬ ಸಾಧನವನ್ನು ರಚಿಸಿ, ಅದರ ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದರು. ಹಣ ಕೊಟ್ಟು ಕೊಳ್ಳುವ ಕಂಪೈಲರುಗಳನ್ನೂ ಉಚಿತವಾದವುಗಳನ್ನೂ ಅವರು ಪರೀಕ್ಷಿಸಿದ್ದರು. ಅದುವರೆಗೆ ತಿಳಿದಿರದ 325ಕ್ಕೂ ಹೆಚ್ಚು ದೋಷಗಳು ಪತ್ತೆಯಾದವು. ಪರೀಕ್ಷೆಗೊಳಗಾದ ಪ್ರತಿಯೊಂದು ಕಂಪೈಲರಿನಲ್ಲಿಯೂ ದೋಷಗಳು ದೊರೆತವು. ಫ್ರಾನ್ಸಿನ ಝೇವಿಯೆ ಲೆರ್ವಾ ಅವರ ನೇತೃತ್ವದಲ್ಲಿ ಗಣಿತೀಯ ಸಾಧನೆಯೊಂದಿಗೆ ರಚಿತವಾದ ಕಾಂಪ್‌ಸರ್ಟ್ ಕಂಪೈಲರಿನ ಸಾಧಿತ ಭಾಗದಲ್ಲಿ ಮಾತ್ರ ತಪ್ಪು ಅನುವಾದ ಕಂಡುಬರಲಿಲ್ಲ. ದೋಷವನ್ನು ದೂರವಿಟ್ಟದ್ದು ಬೆಲೆಯಲ್ಲ, ಪರೀಕ್ಷೆ ಮತ್ತು ಸಾಧನೆ.

ಬೆಲೆಯ ವಾದಕ್ಕೆ ಇನ್ನೂ ಬಲವಾದ ಖಂಡನೆ ಜಿಸಿಸಿಯದು. ರಿಚರ್ಡ್ ಸ್ಟಾಲ್‌ಮನ್ ಅವರು 1987ರಲ್ಲಿ ಬಿಡುಗಡೆ ಮಾಡಿದ ಈ ಕಂಪೈಲರ್ ಉಚಿತ. 1991ರಲ್ಲಿ ಆರಂಭವಾದ ಲಿನಕ್ಸ್ ಕರ್ನಲ್ ಬೆಳೆದದ್ದು ಇದರ ಮೇಲೆ. ಆದರೆ ಜಿಸಿಸಿಯನ್ನೂ ಟರ್ಬೊ ಪ್ಯಾಸ್ಕಲನ್ನೂ ‘ಅಗ್ಗ’ ಎಂಬ ಒಂದೇ ವರ್ಗದಲ್ಲಿ ಇರಿಸುವುದು ತಪ್ಪಾದೀತು. ಟರ್ಬೊ ಪ್ಯಾಸ್ಕಲ್ ಕಡಿಮೆ ಬೆಲೆಗೆ ಬಳಕೆಯನ್ನು ಕೊಟ್ಟಿತು. ಜಿಸಿಸಿ ಬಳಕೆಯ ಜೊತೆಗೆ ತಿದ್ದುವ ಹಕ್ಕನ್ನೂ ಕೊಟ್ಟಿತು. 200ನೆಯ ದೋಷದಂಥದ್ದು ಎದುರಾದಾಗ ಈ ಅಂತರವೇ ನಿರ್ಣಾಯಕವಾಗುತ್ತದೆ. ಟರ್ಬೊ ಪ್ಯಾಸ್ಕಲ್‌ನ ಪರಂಪರೆಯೂ ಕೊನೆಗೆ ಉಳಿದದ್ದು ಈ ದಾರಿಯಲ್ಲಿಯೇ. 1993ರಲ್ಲಿ ಜರ್ಮನಿಯ ಫ್ಲೋರಿಯನ್ ಕ್ಲೆಂಪ್‌ಫ್ಲ್ ಆರಂಭಿಸಿದ ಫ್ರೀ ಪ್ಯಾಸ್ಕಲ್, ಟರ್ಬೊ ಪ್ಯಾಸ್ಕಲ್‌ನ ಉಪಭಾಷೆಯನ್ನು ಸ್ವೀಕರಿಸಿ, ಹಳೆಯ ಪ್ರೋಗ್ರಾಮುಗಳಿಗೆ ಹೊಸ ಯಂತ್ರಗಳಲ್ಲಿ ನೆಲೆ ಒದಗಿಸಿದೆ.

8. ನಮ್ಮ ಸಂದರ್ಭ

ಈ ಚರ್ಚೆಗೂ ಕನ್ನಡಕ್ಕೂ ಎರಡು ಕಡೆ ಸಂಬಂಧವಿದೆ. ಮೊದಲನೆಯದು ಲಿಪಿಯ ವಿಷಯ. ಡಾಸ್ ಕಾಲದಲ್ಲಿ ಭಾರತೀಯ ಲಿಪಿಗಳಿಗೆ 8 ಬಿಟ್‌ಗಳ ಇಸ್ಕಿ ಸಂಕೇತ ಬಳಕೆಯಲ್ಲಿತ್ತು. 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಟರ್ಬೊ ಪ್ಯಾಸ್ಕಲ್‌ನ ಅಕ್ಷರ ಪ್ರಕಾರವೂ 8 ಬಿಟ್‌ಗಳದ್ದೇ ಆದ್ದರಿಂದ ಇಸ್ಕಿಯ ಪಠ್ಯ ಅದರಲ್ಲಿ ಹಿಡಿಯುತ್ತಿತ್ತು. ಆದರೆ ಹಿಡಿಯುವುದು ಬೇರೆ, ಅರಿಯುವುದು ಬೇರೆ. ‘ಕನ್ನಡ’ ಎಂಬ ಮೂರಕ್ಷರದ ಪದವನ್ನು ಕೊಟ್ಟು ಅದರ ಉದ್ದ ಕೇಳಿದರೆ 5 ಎಂಬ ಉತ್ತರ ಬರುತ್ತದೆ. ಒತ್ತಕ್ಷರದಲ್ಲಿ ಎರಡು ವ್ಯಂಜನಗಳ ಜೊತೆಗೆ ಹಲಂತವೂ ಎಣಿಕೆಗೆ ಸೇರುತ್ತದೆ. ಇಂದಿನ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಅದೇ ಪದಕ್ಕೆ 15 ಬೈಟ್ ಬೇಕು. 255 ಬೈಟ್‌ಗಳ ಹಳೆಯ ಸ್ಟ್ರಿಂಗಿನಲ್ಲಿ ಆಗ 85 ಕನ್ನಡ ಸಂಕೇತಗಳಷ್ಟೇ ಹಿಡಿಯುತ್ತವೆ. ಇದು ದುಬಾರಿ ಕಂಪೈಲರುಗಳಿಗೂ ಇದ್ದ ಕೊರತೆ. ಕನ್ನಡದ ದೃಷ್ಟಿಯಿಂದ ಕಂಪೈಲರನ್ನು ವಿಮರ್ಶಿಸುವಾಗ ಪರೀಕ್ಷಿಸಬೇಕಾದ ಅಂಶಗಳ ಪಟ್ಟಿಯಲ್ಲಿ ಇದು ಸೇರಿರಬೇಕು. ಪರದೇಶದ ಸಮೀಕ್ಷಕರು ಇದನ್ನು ನಮಗಾಗಿ ಪರೀಕ್ಷಿಸುವುದಿಲ್ಲ.

ಎರಡನೆಯದು ಶಿಕ್ಷಣದ ವಿಷಯ. ಟರ್ಬೊ ಪ್ಯಾಸ್ಕಲ್‌ನ ಯಶಸ್ಸಿನ ನಂತರ ಅದೇ ಸಂಸ್ಥೆ 1987ರಲ್ಲಿ ಟರ್ಬೊ ಸಿಯನ್ನು, ಅನಂತರ ಟರ್ಬೊ ಸಿ++ ಅನ್ನು ತಂದಿತು. ನಮ್ಮ ಅನೇಕ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಬೇರೂರಿದ್ದು ಇವು. ಟರ್ಬೊ ಸಿ++ 3.0 ಆವೃತ್ತಿ ಬಂದದ್ದು 1990ರ ದಶಕದ ಆರಂಭದಲ್ಲಿ. ಸಿ++ ಭಾಷೆಯ ಅಂತರರಾಷ್ಟ್ರೀಯ ಮಾನಕ ಸಿದ್ಧವಾದದ್ದು 1998ರಲ್ಲಿ. ಮಾನಕ ಬಂದು ಎಷ್ಟೋ ವರ್ಷಗಳಾದ ಮೇಲೂ ಮಾನಕಪೂರ್ವ ಕಂಪೈಲರಿನಲ್ಲಿಯೇ ವಿದ್ಯಾರ್ಥಿಗಳು ಪರೀಕ್ಷೆ ಬರೆದರು; ಹೊಸ ಯಂತ್ರಗಳಲ್ಲಿ ಅದು ಓಡದಾದಾಗ ಡಾಸನ್ನು ಅನುಕರಿಸುವ ತಂತ್ರಾಂಶದೊಳಗೆ ಅದನ್ನು ಓಡಿಸಲಾಯಿತು. ಪರದೆಯನ್ನು ಅಳಿಸುವ ಬೋರ್ಲೆಂಡ್‌ನ ವಿಶಿಷ್ಟ ಆದೇಶವನ್ನು ಭಾಷೆಯ ಭಾಗವೆಂದೇ ತಿಳಿದ ವಿದ್ಯಾರ್ಥಿ, ಉದ್ಯೋಗಕ್ಕೆ ಹೋದಾಗ ತಾನು ಕಲಿತ ಪ್ರೋಗ್ರಾಮುಗಳಲ್ಲಿ ಒಂದೂ ಅಲ್ಲಿಯ ಕಂಪೈಲರಿನಲ್ಲಿ ನಡೆಯದೆ ತಬ್ಬಿಬ್ಬಾಗುತ್ತಾನೆ. ಇಷ್ಟೆಲ್ಲ ನಡೆಯುವಾಗ ಮಾನಕವನ್ನು ಪಾಲಿಸುವ ಜಿಸಿಸಿ ಉಚಿತವಾಗಿಯೇ ಲಭ್ಯವಿತ್ತು. ಆದ್ದರಿಂದ ಇಲ್ಲಿ ಬಡತನವನ್ನು ಕಾರಣವಾಗಿ ಮುಂದೊಡ್ಡುವಂತಿಲ್ಲ. ಪಠ್ಯಪುಸ್ತಕ, ಪ್ರಶ್ನೆಪತ್ರಿಕೆ, ಪ್ರಯೋಗಪುಸ್ತಕ ಇವು ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಒಂದನ್ನು ಅಲುಗಿಸಲು ಯಾರೂ ಮುಂದಾಗಲಿಲ್ಲ. ಈ ದೋಷವನ್ನು ಕಂಪೈಲರಿನ ಮೇಲೆ ಹೊರಿಸುವುದು ನ್ಯಾಯವಲ್ಲ.

9. ತೀರ್ಮಾನ

ಮೇಲಿನ ಪರಿಶೀಲನೆಯಿಂದ ಹೊರಡುವ ತೀರ್ಪು ಆವೃತ್ತಿಗನುಗುಣವಾಗಿ ಬೇರೆ ಬೇರೆಯಾಗುತ್ತದೆ. 1.0ರಿಂದ 3.0ರವರೆಗಿನ ಟರ್ಬೊ ಪ್ಯಾಸ್ಕಲ್, ಒಬ್ಬನೇ ಬರೆದು ಒಬ್ಬನೇ ನೋಡಿಕೊಳ್ಳುವ ಮಧ್ಯಮ ಗಾತ್ರದ ಕೆಲಸಕ್ಕೆ ಸಲ್ಲುತ್ತಿತ್ತು. ಹಲವರು ಕೂಡಿ ಕಟ್ಟುವ ತಂತ್ರಾಂಶಕ್ಕೆ ಸಲ್ಲುತ್ತಿರಲಿಲ್ಲ. ಹಣದ ಲೆಕ್ಕಕ್ಕೆ ಅದರ ಮಿತಿಗಳನ್ನು ಬಲ್ಲವರ ಕೈಯಲ್ಲಿ ಮಾತ್ರ ಸಲ್ಲುತ್ತಿತ್ತು. 4.0ರಿಂದ ಮುಂದೆ ಡಾಸ್ ವ್ಯವಸ್ಥೆಯೊಳಗೆ ಅದು ಗಂಭೀರ ಸಾಧನವೇ ಆಗಿತ್ತು. ಟಿಮ್ ಸ್ವೀನಿ ಅವರ ಝಡ್‌ಝಡ್‌ಟಿ ಆಟವೂ (1991), ಫೈಡೋನೆಟ್ ಕಾಲದ ರಿಮೋಟ್ ಆಕ್ಸೆಸ್‌ನಂಥ ಸಂಪರ್ಕ ತಂತ್ರಾಂಶವೂ ಅದರಿಂದಲೇ ಹೊರಬಂದವು. ಅದರ ಮಿತಿಗಳಲ್ಲಿ ಕೆಲವು ಭಾಷೆಯವು, ಕೆಲವು ಸಂಸ್ಕಾರಕದವು, ಕೆಲವು ಒಂದೇ ಓದಿನ ರಚನೆಯವು. 49.95 ಡಾಲರ್ ಬೆಲೆಯಿಂದಲೇ ಬಂದಿತೆಂದು ತೋರಿಸಬಹುದಾದ ದೋಷ ಒಂದೂ ಕಾಣುವುದಿಲ್ಲ.

ಆದ್ದರಿಂದ ಕಂಪೈಲರನ್ನು ಆರಿಸುವ ಸಂಸ್ಥೆಗಳು ಬೆಲೆಪಟ್ಟಿಯನ್ನು ನೋಡುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ತಪ್ಪು ಪ್ರೋಗ್ರಾಮನ್ನು ಇದು ತಿರಸ್ಕರಿಸುತ್ತದೆಯೇ? ಸಂಖ್ಯೆ ಮಿತಿ ಮೀರಿದಾಗ ತಿಳಿಸುತ್ತದೆಯೇ? ನಮ್ಮ ಲಿಪಿಯನ್ನು ಹೇಗೆ ನಡೆಸಿಕೊಳ್ಳುತ್ತದೆ? ಮಾನಕವನ್ನು ಎಷ್ಟು ಪಾಲಿಸುತ್ತದೆ? ಇದನ್ನು ರಚಿಸಿದ ಸಂಸ್ಥೆ ಆಸಕ್ತಿ ಕಳೆದುಕೊಂಡರೆ ನಮ್ಮ ಪ್ರೋಗ್ರಾಮುಗಳನ್ನು ಯಾರು ಉಳಿಸುತ್ತಾರೆ? ಇವಕ್ಕೆ ತೃಪ್ತಿಕರವಾದ ಉತ್ತರ ದೊರೆತರೆ ಕಂಪೈಲರ್ ಅಗ್ಗವಾಗಿರುವುದು, ಉಚಿತವಾಗಿರುವುದು ಅನುಕೂಲವೇ ಹೊರತು ಕೊರತೆಯಲ್ಲ. ಉತ್ತರ ದೊರೆಯದಿದ್ದರೆ ಎಷ್ಟು ಹಣ ತೆತ್ತರೂ ಅದು ಗಂಭೀರ ಕೆಲಸಕ್ಕೆ ಒದಗದು.